ನೂರು ತುಂಬಿದ ದೇವಾಲಯ: ಪರಂಪರೆಯ ಸಂರಕ್ಷಣೆಯಲ್ಲಿ ಕಾನೂನು ಮತ್ತು ನಮ್ಮ ಹೊಣೆ

(ಕೊತ್ತಗೆರೆ ಧರ್ಮಕೇಂದ್ರದ ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಧರ್ಮಕೇಂದ್ರದ ಗುರುಗಳು ನೀಡಿದ ಉಪನ್ಯಾಸ)



ಶತಮಾನೋತ್ಸವ ಸಮಿತಿಯವರು ಈ ಸಾಯಂಕಾಲ ನನಗೆ ಒಪ್ಪಿಸಿರುವ ವಿಷಯ ಪರಂಪರೆಯ ಸಂರಕ್ಷಣೆ ಮತ್ತು ಅದಕ್ಕೆ ಸಂಬಂಧಿಸಿದ ಕಾನೂನು. ಕಾನೂನು ಎಂಬ ಮಾತು ಕಿವಿಗೆ ಬಿದ್ದೊಡನೆ ಹಿಂದಿನ ಸಾಲಿನಲ್ಲಿ ಕುಳಿತ ಕೆಲವರು ಬಾಗಿಲ ಕಡೆಗೆ ದೃಷ್ಟಿ ಹಾಯಿಸಿದ್ದನ್ನು ನಾನು ಗಮನಿಸಿದ್ದೇನೆ. ಬೆದರಬೇಕಾಗಿಲ್ಲ. ನಾನು ವಕೀಲನಲ್ಲ, ನಮ್ಮ ದೇವಾಲಯದ ಬೀಗದ ಕೈಗಳನ್ನು ಕೆಲಕಾಲ ಕಾಯಲು ನೇಮಿಸಲ್ಪಟ್ಟವನು. ಆ ಕೀಲಿಗಳಿಂದ ತೆರೆಯುವ ಪೆಟ್ಟಿಗೆ ಬೀರುಗಳಲ್ಲಿ ಏನಿದೆ, ಅದು ಯಾರದು, ಅದನ್ನು ಏನು ಮಾಡಲು ನಮಗೆ ಅಧಿಕಾರವಿದೆ, ಏನು ಮಾಡಲು ಇಲ್ಲ ಎಂಬುದಷ್ಟೇ ಇಂದಿನ ಮಾತು.

ಮೊದಲು ಒಂದು ಸಂಗತಿಯನ್ನು ಹೇಳುತ್ತೇನೆ. ನಮ್ಮ ಸಂಸತ್ತು 1972ರಲ್ಲಿ ಪುರಾವಸ್ತುಗಳು ಮತ್ತು ಕಲಾನಿಧಿಗಳ ಕಾಯಿದೆಯನ್ನು ಅಂಗೀಕರಿಸಿತು; ಅದು 1976ರ ಏಪ್ರಿಲ್ ತಿಂಗಳಿನಲ್ಲಿ ಜಾರಿಗೆ ಬಂತು. ಆ ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ, ಚಿತ್ರ, ನಾಣ್ಯ, ಶಾಸನ ಮೊದಲಾದ ಕಲೆಯ ಇಲ್ಲವೆ ಇತಿಹಾಸದ ಮಹತ್ವವುಳ್ಳ ವಸ್ತು ಪುರಾವಸ್ತುವೆನಿಸುತ್ತದೆ. ಮಹತ್ವವುಳ್ಳ ಹಸ್ತಪ್ರತಿ ಮತ್ತು ದಾಖಲೆಗಳಿಗಾದರೋ 75 ವರ್ಷಗಳೇ ಸಾಕು. ಇದರ ಅರ್ಥವನ್ನು ಯೋಚಿಸಿ ನೋಡಿ. ಮೊದಲ ವರ್ಷದಿಂದ ಈ ದೇವಾಲಯದಲ್ಲಿರುವ ಕಲಾಕೃತಿ ಯಾವುದಾದರೂ ಇದ್ದರೆ, ಕಳೆದ ವರ್ಷದವರೆಗೆ ಅದು ಬರಿಯ ಹಳೆಯ ವಸ್ತು. ಈ ಶತಮಾನೋತ್ಸವದ ವರ್ಷದಲ್ಲಿ ಅದು ದೇಶದ ಕಾನೂನಿನ ಕಣ್ಣಿಗೆ ಪುರಾವಸ್ತು. ನಾವು ದೀಪಾಲಂಕಾರ, ಬ್ಯಾಂಡ್‌ಸೆಟ್ಟು, ಊಟದ ಪಂಕ್ತಿಗಳ ಚಿಂತೆಯಲ್ಲಿದ್ದಾಗ ಸದ್ದಿಲ್ಲದೆ ನಮ್ಮ ಹೊಣೆ ಬದಲಾಗಿಬಿಟ್ಟಿದೆ.

ಆದರೆ ಅನುಭವದ ಮಾತೊಂದನ್ನು ಹೇಳಬೇಕು. ಹಳೆಯ ದೇವಾಲಯಗಳಿಗೆ ಮಳೆಗಾಲಕ್ಕಿಂತಲೂ, ಗೆದ್ದಲಿಗಿಂತಲೂ ಹೆಚ್ಚಿನ ಅಪಾಯ ಬರುವುದು ಜೂಬಿಲಿಯ ವರ್ಷದಲ್ಲಿಯೇ. ಇಪ್ಪತ್ತೈದಕ್ಕೆ ಹೊಸ ನೆಲಹಾಸು, ಐವತ್ತಕ್ಕೆ ಹೊಸ ಬಲಿಪೀಠ, ನೂರಕ್ಕೆ ಹಳೆಯದನ್ನು ಕೆಡವಿ ಹೊಸ ದೇವಾಲಯ ಎಂಬುದು ನಮ್ಮಲ್ಲಿ ಬೆಳೆದುಬಂದ ರೂಢಿ. ದಾನಿಗಳ ಭಕ್ತಿಯನ್ನು ನಾನು ಸಂದೇಹಿಸುವುದಿಲ್ಲ. ನಾನು ಹಿಂದೆ ಸೇವೆ ಸಲ್ಲಿಸಿದ ಒಂದು ಊರಿನಲ್ಲಿ (ಹೆಸರು ಬೇಡ) ನಾನು ಹೋಗುವುದಕ್ಕೆ ಮುಂಚೆ ಇಂಥದೇ ಉತ್ಸವದ ಸಂಭ್ರಮದಲ್ಲಿ ಕೆತ್ತನೆಯ ಮರದ ಹಳೆಯ ಬಲಿಪೀಠವನ್ನು ಕಳಚಿ, ಹಳೆಯ ಮರಮುಟ್ಟು ಕೊಳ್ಳುವವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟಿದ್ದರು. ಅದರ ಛಾಯಾಚಿತ್ರವೂ ಇರಲಿಲ್ಲ. ಊರಿನ ವೃದ್ಧೆಯೊಬ್ಬರು ಬೆರಳಿನಿಂದ ಗಾಳಿಯಲ್ಲಿ ಬರೆದು ಅದರ ಕಮಾನು ಹೇಗಿತ್ತೆಂದು ನನಗೆ ತೋರಿಸಿದರು. ಯಾರೂ ಕೆಟ್ಟ ಬುದ್ಧಿಯಿಂದ ಮಾಡಿದ ಕೆಲಸವಲ್ಲ. ಆದರೂ ಆದದ್ದು ಆಗಿಹೋಗಿತ್ತು.

ಸರ್ಕಾರ ಇಂಥದನ್ನು ತಡೆಯುವುದಿಲ್ಲವೆ ಎಂದು ನೀವು ಕೇಳಬಹುದು. ಸಂವಿಧಾನದ 49ನೆಯ ಅನುಚ್ಛೇದ ರಾಷ್ಟ್ರೀಯ ಮಹತ್ವದ ಸ್ಮಾರಕಗಳನ್ನು ಕಾಪಾಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. 1976ರಲ್ಲಿ ಸೇರಿಸಲಾದ ಮೂಲಭೂತ ಕರ್ತವ್ಯಗಳಲ್ಲಿ ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಗೌರವಿಸಿ ಉಳಿಸುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದಿದೆ. ಸ್ಮಾರಕಗಳಿಗಾಗಿ 1958ರ ಕೇಂದ್ರ ಕಾಯಿದೆಯೂ ಕರ್ನಾಟಕದ 1961ರ ಕಾಯಿದೆಯೂ ಇವೆ. ಕೇಂದ್ರದ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಿಂದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಸ್ಮಾರಕಕ್ಕೆ ಹಾನಿ ಮಾಡಿದವನಿಗೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ. ಕಾನೂನಿಗೆ ಮತಭೇದವಿಲ್ಲ. ನಮ್ಮ ಜಿಲ್ಲೆಯಲ್ಲಿಯೇ ಅರಳಗುಪ್ಪೆಯ ಕಲ್ಲೇಶ್ವರ ದೇವಸ್ಥಾನವನ್ನೂ ಶಿರಾದ ಮಲಿಕ್ ರೆಹಾನನ ಗೋರಿಯನ್ನೂ ಒಂದೇ ಕಾಯಿದೆ ಕಾಯುತ್ತಿದೆ.

ಆದರೆ ಕಾಯುವುದು ಯಾವುದನ್ನು? ಪಟ್ಟಿಯಲ್ಲಿರುವುದನ್ನು ಮಾತ್ರ. ಇಡೀ ದೇಶದಲ್ಲಿ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳು 3,600ಕ್ಕೂ ಹೆಚ್ಚು. ಅವುಗಳಲ್ಲಿ ಕರ್ನಾಟಕದವು 500ಕ್ಕೂ ಹೆಚ್ಚು. ರಾಜ್ಯದ ಪಟ್ಟಿಯಲ್ಲಿರುವವು ಎಂಟು ನೂರರ ಮೇಲೆ. ಇಷ್ಟು ದೊಡ್ಡ ನಾಡಿನಲ್ಲಿ ಇವು ಎಷ್ಟರವು? ಪಟ್ಟಿಗೆ ಸೇರಿದವೂ ಉಳಿದೇ ಉಳಿಯುತ್ತವೆ ಎಂದಿಲ್ಲ. ಭಾರತದ ಮಹಾಲೆಕ್ಕಪರಿಶೋಧಕರು ಪರಿಶೀಲಿಸಿ 2013ರಲ್ಲಿ ಕೊಟ್ಟ ವರದಿಯಲ್ಲಿ ಕೇಂದ್ರದ ಸಂರಕ್ಷಿತ ಸ್ಮಾರಕಗಳ ಪೈಕಿ 92 ಇದ್ದ ಸ್ಥಳದಲ್ಲಿಯೇ ಇಲ್ಲವೆಂದು ತಿಳಿಸಿದ್ದರು. ಕಾವಲು ನಿಂತ ಮನೆಗೇ ಈ ಗತಿಯಾದರೆ, ಹಳ್ಳಿಯ ದೇವಾಲಯವನ್ನು ಯಾವ ಅಧಿಕಾರಿ ಬಂದು ಕಾಯಬೇಕು? ನಾಳೆ ಬೆಳಿಗ್ಗೆ ನಾವು ಹಾರೆ ಹಿಡಿದು ಹಳೆಯ ಗೋಡೆಗೆ ಕೈಯಿಟ್ಟರೆ ತಡೆಯಲು ಪುರಾತತ್ವ ಇಲಾಖೆಯವರು ಬರುವುದಿಲ್ಲ. ತಡೆಯುವವರು ನಾವೇ.

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ನೋಡದವರು ಮೊಬೈಲಿನಲ್ಲಿ ಅದರ ಚಿತ್ರವನ್ನಾದರೂ ಕಂಡಿರುತ್ತೀರಿ. ಅಲ್ಲಿನ ಜಪಮಾಲೆ ಮಾತೆಯ ದೇವಾಲಯವನ್ನು ಫ್ರೆಂಚ್ ಮಿಷನರಿ ಗುರುಗಳು 1860ರ ದಶಕದಲ್ಲಿ ಕಟ್ಟಿಸಿದರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟಾದಾಗ ಆ ಊರು ಹಿನ್ನೀರಿನ ಪಾಲಾಯಿತು. ಜನ ಬೇರೆಡೆಗೆ ಹೋದರು. ದೇವಾಲಯ ಅಲ್ಲಿಯೇ ನಿಂತಿತು. ಮಳೆಗಾಲದಲ್ಲಿ ನೀರು ಏರಿ ಕಮಾನುಗಳ ನಡುವೆ ಹರಿಯುತ್ತದೆ. ಬೇಸಗೆಯಲ್ಲಿ ಇಳಿದು ನೆಲ ಕಾಣುತ್ತದೆ. ಸೂರಿಲ್ಲದ ಆ ಗೋಡೆಗಳ ನಡುವೆ ಪ್ರವಾಸಿಗರು ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಹಿಂದೆ ಅಲ್ಲಿ ಜ್ಞಾನಸ್ನಾನವಾಗುತ್ತಿತ್ತು, ಮದುವೆಯಾಗುತ್ತಿತ್ತು, ಶವಪೆಟ್ಟಿಗೆಯ ಮುಂದೆ ಜನ ಅಳುತ್ತಿದ್ದರು.

ಅಣೆಕಟ್ಟು ಬೇಡವಾಗಿತ್ತು ಎಂದು ನಾನು ಹೇಳಲಾರೆ. ಹೇಮಾವತಿಯ ನೀರು ನಾಲೆಯಲ್ಲಿ ನಮ್ಮ ತುಮಕೂರು ಜಿಲ್ಲೆಗೂ ಬರುತ್ತಿದೆ. ಆ ನೀರಿನ ಋಣ ನಮ್ಮ ಮೇಲೂ ಇದೆ. ಆದುದರಿಂದಲೇ ಶೆಟ್ಟಿಹಳ್ಳಿಯ ದೇವಾಲಯ ನಮಗೆ ಪರಕೀಯವಲ್ಲ. ಕೃಷ್ಣಾ ನದಿಗೆ ನಾಗಾರ್ಜುನಸಾಗರ ಕಟ್ಟುವಾಗ ಮುಳುಗಲಿದ್ದ ನಾಗಾರ್ಜುನಕೊಂಡದ ಬೌದ್ಧ ಅವಶೇಷಗಳನ್ನು 1950ರ ದಶಕದಲ್ಲಿ ಅಗೆದು, ದಾಖಲಿಸಿ, ಕೆಲವನ್ನು ಕಳಚಿ ಎತ್ತರದ ಜಾಗಕ್ಕೆ ಸಾಗಿಸಿ ಮತ್ತೆ ಕಟ್ಟಿದರು. ಅದು ರಾಷ್ಟ್ರದ ಕಣ್ಣಿಗೆ ಬಿದ್ದ ಸ್ಥಳ. ನೂರು ವರ್ಷದ ಹಳ್ಳಿಯ ದೇವಾಲಯಕ್ಕೆ ಆ ಯೋಗವಿರಲಿಲ್ಲ. ಭೂಸ್ವಾಧೀನದ ಲೆಕ್ಕದಲ್ಲಿ ಗೋಡೆಗೆ, ಸೂರಿಗೆ ಬೆಲೆ ಕಟ್ಟಬಹುದು. ಒಂದು ಊರಿನ ಪ್ರಾರ್ಥನೆಗೆ ಬೆಲೆ ಕಟ್ಟುವ ಅಂಕಣ ಆ ಲೆಕ್ಕದ ಪುಸ್ತಕದಲ್ಲಿಲ್ಲ.

ಇನ್ನು ನಮ್ಮ ಧರ್ಮಸಭೆಯ ಕಾನೂನಿಗೆ ಬರೋಣ. ಇಲ್ಲಿ ವಿಷಯ ಹೆಚ್ಚು ಬಿಗಿಯಾಗಿದೆ. ಆದರೆ ಇದನ್ನು ತಿಳಿದವರು ಕಡಿಮೆ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ಆರಾಧನಾವಿಧಿಯ ಸಂವಿಧಾನದಲ್ಲಿಯೇ ಪೂಜ್ಯ ಉಪಕರಣಗಳೂ ಬೆಲೆಯುಳ್ಳ ಕೃತಿಗಳೂ ಪರರ ಪಾಲಾಗದಂತೆ ಧರ್ಮಾಧ್ಯಕ್ಷರು ಎಚ್ಚರ ವಹಿಸಬೇಕೆಂದು ವಿಧಿಸಿದೆ. ಬಲಿಪೀಠವನ್ನು ಜನರ ಕಡೆಗೆ ತಿರುಗಿಸುವ ಭರದಲ್ಲಿ ಅನೇಕ ಕಡೆ ಹಳೆಯದನ್ನೆಲ್ಲ ಹೊರಗೆಸೆದರು. ಮಹಾಸಭೆಯ ಹೆಸರನ್ನೇ ಅದಕ್ಕೆ ನೆಪ ಮಾಡಿಕೊಂಡರು. ಇದನ್ನು ಕಂಡೇ ರೋಮಿನ ಗುರುವರ್ಗದ ಪರಿಷತ್ತು 1971ರಲ್ಲಿ ಎಲ್ಲ ಧರ್ಮಾಧ್ಯಕ್ಷರಿಗೆ ಎಚ್ಚರಿಕೆಯ ಪತ್ರ ಬರೆಯಬೇಕಾಯಿತು.

1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಕೆಲವು ವಿಧಿಗಳಿವೆ. ಪ್ರಾಚೀನತೆಯಿಂದಲೋ ಕಲೆಯಿಂದಲೋ ಭಕ್ತಿಯಿಂದಲೋ ಅಮೂಲ್ಯವಾದ ಸ್ವರೂಪವನ್ನು ದುರಸ್ತಿ ಮಾಡಬೇಕಾದರೂ ಧರ್ಮಾಧ್ಯಕ್ಷರ ಲಿಖಿತ ಅನುಮತಿ ಬೇಕು. ಅವರು ಪರಿಣತರನ್ನು ವಿಚಾರಿಸಿಯೇ ಅನುಮತಿ ಕೊಡಬೇಕು. ಇದು 1189ನೆಯ ವಿಧಿ. ಹಬ್ಬದ ಹಿಂದಿನ ವಾರ ಎನಾಮಲ್ ಬಣ್ಣದ ಡಬ್ಬಿ ಹಿಡಿದು ಬರುವ ನಮ್ಮ ಉತ್ಸಾಹಿ ತರುಣರು ಇದನ್ನು ನೆನಪಿಡಲಿ! ಕಲೆ ಅಥವಾ ಇತಿಹಾಸದ ದೃಷ್ಟಿಯಿಂದ ಅಮೂಲ್ಯವಾದ ವಸ್ತುವನ್ನು ಪರಭಾರೆ ಮಾಡಲು ಧರ್ಮಕೇಂದ್ರದ ಸಮಿತಿಯ ನಿರ್ಣಯ ಸಾಲದು, ನನ್ನ ಸಹಿ ಸಾಲದು, ಮಹಾಧರ್ಮಾಧ್ಯಕ್ಷರ ಒಪ್ಪಿಗೆಯೂ ತಾನಾಗಿ ಸಾಲದು. ಪವಿತ್ರ ಪೀಠದ ಅನುಮತಿ ಬೇಕೆಂದು 1292ನೆಯ ವಿಧಿ ಹೇಳುತ್ತದೆ. 1283ನೆಯ ವಿಧಿಯಂತೆ ಸ್ವತ್ತಿನ ಹೊಣೆ ಹೊರುವವನು ಸ್ಥಿರಚರಾಸ್ತಿಗಳ, ಅಮೂಲ್ಯ ವಸ್ತುಗಳ ನಿಖರವಾದ ಪಟ್ಟಿಯನ್ನು ವಿವರಣೆ ಮತ್ತು ಬೆಲೆಯೊಂದಿಗೆ ಬರೆಸಿ ಸಹಿ ಹಾಕಬೇಕು. ಒಂದು ಪ್ರತಿ ಇಲ್ಲಿ, ಇನ್ನೊಂದು ಧರ್ಮಾಧ್ಯಕ್ಷರ ಕಾರ್ಯಾಲಯದಲ್ಲಿ ಇರಬೇಕು. 1999ರ ಡಿಸೆಂಬರಿನಲ್ಲಿ ರೋಮಿನಿಂದ ಮತ್ತೆ ಒಂದು ದೀರ್ಘ ಪತ್ರ ಬಂತು. ಅದರ ವಿಷಯವೆಲ್ಲ ಈ ಪಟ್ಟಿ ಮಾಡುವ ಕೆಲಸವೇ.

ಪಟ್ಟಿ ಮಾಡುವುದರಿಂದ ಏನಾಗುತ್ತದೆ ಎಂದು ಹಗುರವಾಗಿ ಮಾತನಾಡುವವರಿಗೆ ಎರಡು ಉದಾಹರಣೆಗಳನ್ನು ಕೊಡುತ್ತೇನೆ. ಬಿ. ಎಲ್. ರೈಸ್ ಅವರೂ ಅವರ ಸಹಾಯಕ ಪಂಡಿತರೂ ಮೈಸೂರು ಸೀಮೆಯ ಶಾಸನಗಳನ್ನು ಪ್ರತಿ ಮಾಡಿಸಿ ಪ್ರಕಟಿಸಿದರು. ನಮ್ಮ ತುಮಕೂರು ಜಿಲ್ಲೆಯ ಶಾಸನಗಳು 1904ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕ’ದ 12ನೆಯ ಸಂಪುಟವಾಗಿ ಹೊರಬಂದವು. ಕುಣಿಗಲ್ಲಿನ ಶಾಸನಗಳೂ ಅದರಲ್ಲಿವೆ. ಅಂದು ಓದಿದ ಕಲ್ಲು ಮುಂದೆ ಮನೆಯ ಮೆಟ್ಟಿಲಾಗಲಿ, ಬಟ್ಟೆ ಒಗೆಯುವ ಬಂಡೆಯಾಗಲಿ, ಅದರ ಮಾತು ಪುಸ್ತಕದಲ್ಲಿ ಉಳಿದಿದೆ. ಎರಡನೆಯದು ನಮ್ಮದೇ. 17ನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿಯವರಿಂದ ಮೈಸೂರು ಮಿಷನ್ ಆರಂಭವಾಯಿತು. ಆ ಕಾಲದ ಮಣ್ಣಿನ ಗುಡಿಗಳನ್ನು ಇಂದು ಎಲ್ಲಿ ಹುಡುಕುವುದು? ಆದರೆ ಆ ಗುರುಗಳು ರೋಮಿಗೆ ಬರೆದು ಕಳುಹಿಸಿದ ಕಾಗದಗಳು ಉಳಿದುವು. ಫಾದರ್ ಫೆರೋಲಿಯವರು ಮೈಸೂರಿನ ಯೇಸುಸಭೆಯ ಚರಿತ್ರೆ ಬರೆಯಲು ಸಾಧ್ಯವಾದದ್ದು ಅಂಥ ಕಾಗದಗಳಿಂದಲೇ. ಗೋಡೆ ಹೋಯಿತು, ಕಾಗದ ಉಳಿಯಿತು. ಆದರೆ ಕನ್ನಡ ಹಳ್ಳಿಗಳ ಕ್ರೈಸ್ತರ ಕಥೆಯನ್ನು ಓದಲು ರೋಮಿಗೂ ಪ್ಯಾರಿಸ್ಸಿಗೂ ಹೋಗಬೇಕಾಗಿರುವುದು ನನಗೆ ಅಷ್ಟು ಹೆಮ್ಮೆಯ ಸಂಗತಿಯಾಗಿ ಕಾಣುವುದಿಲ್ಲ.

ನಮ್ಮ ಧರ್ಮಕೇಂದ್ರದ ಅತ್ಯಂತ ಬೆಲೆಬಾಳುವ ವಸ್ತು ಯಾವುದೆಂದು ಕೇಳಿದರೆ ನೀವು ಪೂಜಾಪಾತ್ರೆಯನ್ನೋ ಗಂಟೆಯನ್ನೋ ತೋರಿಸುವಿರಿ. ನಾನು ಜ್ಞಾನಸ್ನಾನದ ದಫ್ತರುಗಳನ್ನು ತೋರಿಸುತ್ತೇನೆ. ಹಳೆಯ ದಫ್ತರುಗಳ ಭಾಷೆ ಲ್ಯಾಟಿನ್. ಊರಿನಲ್ಲಿ ರಾಯಪ್ಪನೆಂದು ಕರೆಸಿಕೊಂಡವನು ಅಲ್ಲಿ ಪೇತ್ರುಸ್, ಚಿನ್ನಪ್ಪ ಪೌಲುಸ್, ಇನ್ನಾಸಪ್ಪ ಇಗ್ನಾಸಿಯುಸ್. ಲೋಕದ ಧರ್ಮಸಭೆಗೂ ನಮ್ಮ ಹೊಲಗದ್ದೆಗಳಿಗೂ ಆದ ನಂಟು ಒಂದೇ ಸಾಲಿನಲ್ಲಿ ಬರೆದಿದೆ. ಜಮೀನಿಲ್ಲದವನಿಗೆ ಪಹಣಿಯಿಲ್ಲ, ಅರಸರ ವಂಶದವನಲ್ಲವಾದುದರಿಂದ ಶಾಸನವಿಲ್ಲ. ಕೂಲಿ ಮಾಡಿ ಬದುಕಿದ ಮುತ್ತಜ್ಜಿಯ ಹೆಸರು ಜಗತ್ತಿನಲ್ಲಿ ಬರೆದಿರುವುದು ಈ ಒಂದೇ ಪುಸ್ತಕದಲ್ಲಿರಬಹುದು. ಪಾಸ್‌ಪೋರ್ಟಿಗಾಗಿ, ವಯಸ್ಸಿನ ಪತ್ರಕ್ಕಾಗಿ ನೀವು ನನ್ನ ಕಚೇರಿಗೆ ಬಂದಾಗ ನಾನು ತೆರೆಯುವುದು ಇದನ್ನೇ. ಹಳೆಯ ದಫ್ತರುಗಳನ್ನು ಜಾಗ್ರತೆಯಿಂದ ಕಾಯಬೇಕೆಂದು 535ನೆಯ ವಿಧಿ ಬೇರೆಯಾಗಿಯೇ ಹೇಳಿದೆ.

ಕಾಯುವುದು ಹೇಗೆ? ಹರಿದ ಹಾಳೆಗೆ ಸೆಲೋಟೇಪು ಅಂಟಿಸಬಾರದು. ಕೆಲವೇ ವರ್ಷಗಳಲ್ಲಿ ಅದರ ಅಂಟು ಹಳದಿಯಾಗಿ ಅಕ್ಷರವನ್ನು ತಿನ್ನುತ್ತದೆ. ಲ್ಯಾಮಿನೇಷನ್ ಇನ್ನೂ ಕೆಟ್ಟದ್ದು, ಒಮ್ಮೆ ಮಾಡಿದರೆ ಬಿಡಿಸಲಾಗದು. ಹಳೆಯ ಕಾಲದ ಶಾಯಿಯಲ್ಲಿ ಕಬ್ಬಿಣದ ಅಂಶವಿರುವುದರಿಂದ ತೇವ ತಗಲಿದರೆ ಅಕ್ಷರವಿದ್ದೆಡೆ ಕಾಗದವೇ ತೂತಾಗುತ್ತದೆ. ಆದುದರಿಂದ ಬೀರುವನ್ನು ಗೋಡೆಗೆ ತಾಗಿಸದೆ ಇಟ್ಟು, ಪುಸ್ತಕವನ್ನು ಒಗೆದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ವರ್ಷಕ್ಕೆರಡು ಬಾರಿ ತೆರೆದು ನೋಡಬೇಕು. ಪ್ರತಿಯೊಂದು ಪುಟದ ಛಾಯಾಚಿತ್ರ ತೆಗೆದು ಪ್ರತಿಯನ್ನು ಮಹಾಧರ್ಮಕ್ಷೇತ್ರದ ಕಾರ್ಯಾಲಯಕ್ಕೆ ಕಳುಹಿಸಬೇಕು. ಆದರೆ ಅವನ್ನು ವಾಟ್ಸ್‌ಆಪಿನಲ್ಲಿ ಹಂಚಬಾರದು. ಮನೆಮನೆಯ ಗುಟ್ಟುಗಳೂ ಅದರಲ್ಲಿವೆ.

ಕಟ್ಟಡದ ವಿಷಯ. ಹೊಸ ದೇವಾಲಯ ಬೇಕೇ ಬೇಡವೇ ಎಂಬ ಚರ್ಚೆ ಈ ವರ್ಷವಿಡೀ ನಡೆದಿದೆ. ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಹಬ್ಬದ ದಿನ ಜಾಗ ಸಾಲದೆಂಬುದು ನಿಜ. ವೃದ್ಧರು ಬಿಸಿಲಿನಲ್ಲಿ ನಿಲ್ಲುವುದನ್ನು ನಾನೂ ನೋಡುತ್ತೇನೆ. ಅದಕ್ಕೆ ಪಕ್ಕದಲ್ಲಿ ಚಾವಣಿ ಹಾಕಬಹುದು, ಬೇಕಾದರೆ ಸಭಾಂಗಣವನ್ನೇ ಕಟ್ಟಬಹುದು. ವರ್ಷಕ್ಕೆ ಮೂರು ದಿನದ ನೆರಳಿಗಾಗಿ ನೂರು ವರ್ಷದ ಗೋಡೆಯನ್ನು ಕೆಡವುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಗೋಡೆ ಬಿರುಕು ಬಿಟ್ಟಿದೆ ಎನ್ನುವಿರಾದರೆ ಮೊದಲು ಬಿರುಕಿನ ಕಾರಣ ತಿಳಿಯಿರಿ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಗೆ ಉಸಿರಿದೆ; ಒಳಸೇರಿದ ತೇವ ಆವಿಯಾಗಿ ಹೊರಹೋಗುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿದು, ಉಪ್ಪು ಕಟ್ಟಿ, ಇಟ್ಟಿಗೆ ಪುಡಿಯಾಗುತ್ತದೆ. ಆಮೇಲೆ “ಹಳೆಯ ಗೋಡೆ, ತಡೆಯಲಿಲ್ಲ” ಎನ್ನುತ್ತೇವೆ! ತೇಪೆ ಹಾಕುವುದಾದರೆ ಸುಣ್ಣದ ಗಾರೆಯಿಂದಲೇ ಹಾಕಬೇಕು. ಗಾರೆ ಕೆಲಸ ಬಲ್ಲ ಮುದುಕರು ಸುತ್ತಮುತ್ತ ಒಬ್ಬಿಬ್ಬರಾದರೂ ಇದ್ದರೆ ಅವರ ಕೈಕೆಳಗೆ ನಮ್ಮ ಹುಡುಗರು ನಿಲ್ಲಲಿ. ಒಡೆದ ಹೆಂಚು ಬದಲಿಸುವುದು, ಗೋಡೆಯ ಸಂದಿಯಲ್ಲಿ ಮೊಳೆತ ಅರಳಿ ಸಸಿಯನ್ನು ಬೇರು ಬಲಿಯುವ ಮುಂಚೆಯೇ ತೆಗೆಯುವುದು, ಸೂರಿನ ನೀರು ಬುಡದಲ್ಲಿ ನಿಲ್ಲದಂತೆ ಕಾಲುವೆ ಮಾಡುವುದು: ಸಂರಕ್ಷಣೆಯ ಮುಕ್ಕಾಲು ಪಾಲು ಇಷ್ಟೇ. ಇದಕ್ಕೆ ಉದ್ಘಾಟನೆಯಿಲ್ಲ, ದಾನಿಗಳ ಹೆಸರಿನ ಕಲ್ಲು ಇಲ್ಲ. ಆದುದರಿಂದಲೇ ಯಾರೂ ಮಾಡುವುದಿಲ್ಲವೋ ಏನೋ.

ಪರಿಣತರ ಕೆಲಸ ಪರಿಣತರಿಗೇ ಸೇರಿದ್ದು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿನಲ್ಲಿ ಇಟಲಿಯ ಬ್ರದರ್ ಆಂತೋನಿಯೊ ಮೊಸ್ಕೇನಿಯವರು 1899ರಿಂದ 1901ರವರೆಗೆ ಗೋಡೆ, ಚಾವಣಿಗಳ ಮೇಲೆ ಬರೆದ ಚಿತ್ರಗಳು ಕರಾವಳಿಯ ಮಳೆಗೂ ತೇವಕ್ಕೂ ಮಂಕಾಗತೊಡಗಿದಾಗ, ಅಲ್ಲಿನ ಯೇಸುಸಭೆಯವರು ಊರಿನ ಬಣ್ಣದವರನ್ನು ಕರೆಯಲಿಲ್ಲ. 1990ರ ದಶಕದ ಆರಂಭದಲ್ಲಿ ಇಂಟ್ಯಾಕ್ ಸಂಸ್ಥೆಯ ಲಖನೌ ಕೇಂದ್ರದ ತಜ್ಞರು ಬಂದು ವರ್ಷಗಳ ಕಾಲ ಕೆಲಸ ಮಾಡಿದರು. ಹೊಸ ಚಿತ್ರ ಬರೆಯುವುದು ಅವರ ಉದ್ದೇಶವಾಗಿರಲಿಲ್ಲ. ಮೊಸ್ಕೇನಿಯವರ ಕೈಬರಹವನ್ನು ಉಳಿಸುವುದಾಗಿತ್ತು. ನಮ್ಮಲ್ಲಿ ಅಂಥ ಚಿತ್ರಗಳಿಲ್ಲ. ಆದರೆ ಸ್ವರೂಪಕ್ಕೆ ಬಣ್ಣ ಬಳಿಯುವಾಗಲೂ ಅದೇ ವಿವೇಕ ಬೇಕು.

ಕಾನೂನು ಕೈಯಿಡಲಾರದ ಪರಂಪರೆಯೂ ಒಂದಿದೆ. ನಾಲಿಗೆಯ ಮೇಲಿರುವ ಪರಂಪರೆಯ ರಕ್ಷಣೆಗಾಗಿ ಯುನೆಸ್ಕೊ 2003ರಲ್ಲಿ ಒಡಂಬಡಿಕೆ ಮಾಡಿತು. 2005ರಲ್ಲಿ ಭಾರತ ಅದನ್ನು ಒಪ್ಪಿತು. ಕುಣಿಗಲ್ ಕೆರೆಯ ಮೇಲಿನ ಜನಪದ ಹಾಡು ನಾಡಿಗೆಲ್ಲ ಗೊತ್ತು, ಏಕೆಂದರೆ ಯಾರೋ ಅದನ್ನು ಬರೆದುಕೊಂಡರು, ಯಾರೋ ಹಾಡಿದರು. ತಪಸ್ಸುಕಾಲದಲ್ಲಿ ನಮ್ಮ ಅಜ್ಜಿಯರು ಹಾಡುವ ಯೇಸುಸ್ವಾಮಿಯ ಪಾಡುಗಳ ಹಾಡನ್ನು ಬರೆದುಕೊಂಡವರು ಯಾರು? ಆ ಹಾಡು ಪೂರ್ತಿ ಬಲ್ಲವರು ಇನ್ನೆಷ್ಟು ಮಂದಿ? ಎಲ್ಲರ ಕೈಯಲ್ಲೂ ಧ್ವನಿ ಹಿಡಿಯುವ ಯಂತ್ರವಿರುವ ಕಾಲದಲ್ಲಿ ಅದು ಕಳೆದುಹೋದರೆ ಯಾವ ಇಲಾಖೆಯನ್ನು ದೂರೋಣ?

ಹಳೆಯ ಒಡಂಬಡಿಕೆಯ ಯೋಷೀಯ ಅರಸನ ಕಾಲದ ಪ್ರಸಂಗ ನಿಮಗೆ ನೆನಪಿರಬಹುದು. ಮಹಾದೇವಾಲಯದ ದುರಸ್ತಿ ನಡೆದಿದ್ದಾಗ ಎಲ್ಲರೂ ಮರೆತಿದ್ದ ಧರ್ಮಶಾಸ್ತ್ರದ ಗ್ರಂಥ ಯಾಜಕರ ಕೈಗೆ ಸಿಕ್ಕಿತು; ಅದನ್ನು ಓದಿಸಿ ಕೇಳಿದ ಅರಸ ಬಟ್ಟೆ ಹರಿದುಕೊಂಡ. ಅಲ್ಲಿ ನಡೆದದ್ದು ದುರಸ್ತಿ. ಕೆಡವಿ ಕಟ್ಟಿದ್ದರೆ ಆ ಸುರುಳಿ ಮಣ್ಣಿನೊಡನೆ ಗಾಡಿಯಲ್ಲಿ ಹೋಗುತ್ತಿತ್ತೆಂದು ನನಗೆ ಅನಿಸುತ್ತದೆ.

ಇನ್ನು ಕೆಲಸದ ಮಾತು. ಕಾನೂನು ಕೇಳುವ ಪಟ್ಟಿಯನ್ನು ಈ ಶತಮಾನೋತ್ಸವದ ವರ್ಷ ಮುಗಿಯುವುದರೊಳಗೆ ಹೊಸದಾಗಿ ಬರೆಯಬೇಕೆಂದಿದ್ದೇನೆ. ನಿಮ್ಮ ಮನೆಗಳಲ್ಲಿ ಹಳೆಯ ಮದುವೆಯ, ಹಬ್ಬದ, ಮೊದಲ ಕ್ರಿಸ್ತಪ್ರಸಾದದ ಛಾಯಾಚಿತ್ರಗಳಿದ್ದರೆ, ಹಿನ್ನೆಲೆಯಲ್ಲಿ ದೇವಾಲಯದ ಒಂದು ಮೂಲೆಯಾದರೂ ಕಂಡರೆ, ತನ್ನಿ. ಅಂದೇ ಪ್ರತಿ ತೆಗೆದು ಹಿಂದಿರುಗಿಸುತ್ತೇವೆ. ಹೆಸರುಗಳನ್ನು ಚಿತ್ರದ ಹಿಂದೆ ಪೆನ್ಸಿಲಿನಿಂದ ಬರೆಯಿರಿ, ಪೆನ್ನಿನಿಂದ ಬೇಡ. ಸಮಾಧಿ ಭೂಮಿಯ ಕಲ್ಲುಗಳ ಬರಹವನ್ನು ಪ್ರತಿ ಮಾಡುವ ಕೆಲಸವನ್ನು ಯುವಕ ಸಂಘದವರು ಒಪ್ಪಿಕೊಂಡಿದ್ದಾರೆ. ಕಲ್ಲನ್ನು ಆಸಿಡ್ಡಿನಿಂದ ತೊಳೆಯಬಾರದೆಂದು ಅವರಿಗೆ ಹೇಳಿದ್ದೇನೆ. ಪಾಡುಗಳ ಹಾಡು ಬಲ್ಲ ತಾಯಂದಿರು ಬುಧವಾರ ಸಂಜೆ ಜಪಸರದ ನಂತರ ಉಳಿದುಕೊಳ್ಳಬೇಕು. ಬರುವ ಭಾನುವಾರ ಬಲಿಪೂಜೆ ಮುಗಿದ ಮೇಲೆ ಗಂಟೆಯ ಮೇಲಿನ ಅಕ್ಷರಗಳನ್ನು ಬರೆದುಕೊಳ್ಳುವುದಕ್ಕಾಗಿ ಏಣಿ ತರಿಸಿದ್ದೇನೆ. ನನ್ನ ವಯಸ್ಸಿನವನು ಆ ಏಣಿ ಹತ್ತುವುದು ಸಮಿತಿಗೆ ಒಪ್ಪಿಗೆಯಿಲ್ಲವಂತೆ. ಕಣ್ಣು ಚುರುಕಾದ, ಬರಹ ಸ್ಪಷ್ಟವಾದ ಇಬ್ಬರು ಹುಡುಗರೋ ಹುಡುಗಿಯರೋ ಒಂದು ನೋಟುಪುಸ್ತಕದೊಡನೆ ಬರಲಿ.